ಚೀಲ ಇಳಿಸುವ ಮಾತು

ಗಾಳಿಬೀಡು
16 ಆಗಸ್ಟ್ 2023

ಸಿಸ್ಟರ್ ಸೆವ್ರಿನ್ ಅವರಿಗೆ ಚೌರಪ್ಪನ ಸ್ತೋತ್ರಗಳು.

ನನ್ನ ತಮ್ಮ ಇನ್ನಾಸಪ್ಪನನ್ನು ನಿಮ್ಮ ನಜರೇತ್ ಮನೆ ಆಶ್ರಮದಲ್ಲಿ ಬಿಟ್ಟು ಬಂದು ಇವತ್ತಿಗೆ ಐದು ದಿನ. ಬಂಟ್ವಾಳದಿಂದ ಮಡಿಕೇರಿಯವರೆಗೆ ಬಸ್ಸಿನಲ್ಲಿ ಒಬ್ಬನೇ ಕೂತು ಬಂದದ್ದು ನನ್ನ ಆಯುಷ್ಯದಲ್ಲಿ ಇದೇ ಮೊದಲು. ಕಿಟಕಿಯ ಸೀಟು ಖಾಲಿ ಇದ್ದರೂ ನಾನು ಕೂರಲಿಲ್ಲ. ಅದು ಅವನದು.

ಫೋನು ಮಾಡಬೇಡಿ, ಕಾಗದ ಬರೆಯಿರಿ ಎಂದಿರಿ. ಸರಿಯೇ. ಮಾರನೆಯ ದಿನ ಫೋನಿನಲ್ಲಿ ನನ್ನ ದನಿ ಕೇಳಿ ಅವನು ಫೋನನ್ನು ತಿರುವಿ ಮುರುವಿ ಹಿಂದೆ ನಾನಿದ್ದೇನೆಯೇ ಎಂದು ಹುಡುಕಿದನೆಂದೂ ಆಮೇಲೆ ಗೋಡೆಗೆ ಮುಖ ಮಾಡಿ ಕೂತನೆಂದೂ ನೀವು ಹೇಳಿದ ಮೇಲೆ ನನಗೂ ಧೈರ್ಯವಿಲ್ಲ. ಆರು ತಿಂಗಳು ನೋಡೋಣ, ಹೊಂದಿಕೊಂಡರೆ ಫೆಬ್ರವರಿ ಹನ್ನೊಂದರೊಳಗೆ ಒಪ್ಪಿಗೆಪತ್ರಕ್ಕೆ ಸಹಿ ಹಾಕಿ ಕಾಯಂ ಆಗಿ ಬಿಡಿ, ಇಲ್ಲವಾದರೆ ಕರೆದುಕೊಂಡು ಹೋಗಿ ಎಂದಿರಿ. ಅದೂ ಸರಿಯೇ.

ಅವನಿಗೆ ವಯಸ್ಸು ನಲವತ್ತಾರು, ಬುದ್ಧಿ ಐದು ವರ್ಷದ ಮಗುವಿನದು ಎಂದು ಅರ್ಜಿಯಲ್ಲಿ ಬರೆದಿದ್ದೇನೆ. ಅರ್ಜಿಯಲ್ಲಿ ಹಿಡಿಸದೆ ಉಳಿದದ್ದು ಇದು. ಸ್ನಾನದ ನೀರನ್ನು ಮೊದಲು ತಲೆಗೆ ಹೊಯ್ಯಬಾರದು, ಕಾಲಿಗೆ ಹೊಯ್ಯಬೇಕು. ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುತ್ತಾನೆ, ಆದರೆ ಕೆಳಗಿನಿಂದ ಮೇಲಕ್ಕೆ. ನೀವು ಮೇಲಿಂದ ಶುರು ಮಾಡಿದರೆ ಎಲ್ಲವನ್ನೂ ಬಿಚ್ಚಿ ಮೊದಲಿಂದ ಹಾಕುತ್ತಾನೆ. ನಾನು ಬರುವುದು ತಡವಾದರೆ ನನ್ನ ತಟ್ಟೆ ತೆಗೆದಿಟ್ಟು ತಾನೂ ಉಣ್ಣದೆ ಕಾಯುತ್ತಿದ್ದ. ಕೋಳಿಗೆ ಹೆದರುತ್ತಾನೆ, ಆನೆಗೆ ಹೆದರುವುದಿಲ್ಲ. ಹೋದ ವರ್ಷ ಕಾಫಿತೋಟದ ಗೇಟಿಗೆ ಆನೆ ಬಂದಾಗ ನಾವೆಲ್ಲ ಕೂಲಿಯವರ ಲೈನ್‌ಮನೆಯೊಳಗೆ ಬಾಗಿಲು ಹಾಕಿಕೊಂಡರೆ ಇವನು ಹತ್ತಿರ ಹೋಗಿ "ಹುಷಾರಾ?" ಎಂದು ಕೇಳಿದ. ಆನೆ ಸ್ವಲ್ಪ ಹೊತ್ತು ನೋಡಿ ತಿರುಗಿ ಹೋಯಿತು. "ಆನೆಗೇ ನಾಚಿಕೆ ಆತ್ ಮಾರಾಯ" ಎಂದು ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಬೊಳ್ಳಪ್ಪನವರು ಇವತ್ತಿಗೂ ನಗುತ್ತಾರೆ.

ಇನ್ನೊಂದು. ಪೂಜೆಯಲ್ಲಿ ಎಲ್ಲರ ಆಮೆನ್ ಮುಗಿದ ಮೇಲೆ ಇವನದೊಂದು ಆಮೆನ್ ಬರುತ್ತದೆ. ದಯವಿಟ್ಟು ಅದಕ್ಕೆ ಕಾಯಿರಿ.

ತೋಟದಲ್ಲಿ ನನ್ನ ಜೀಪು ಓಡಿಸುವ ಕೆಲಸ ಹೆಚ್ಚಾಗಿದೆ. ಅವನನ್ನು ನೋಡಿಕೊಳ್ಳಲು ಪುರಸೊತ್ತಿಲ್ಲ. ಅದಕ್ಕೇ ತಂದು ಬಿಟ್ಟೆ, ಬೇರೇನೂ ಇಲ್ಲ.

ಇಂತಿ,
ಚೌರಪ್ಪ


ನಜರೇತ್ ಮನೆ, ಬಂಟ್ವಾಳ
28 ಆಗಸ್ಟ್ 2023

ಪ್ರಿಯ ಚೌರಪ್ಪನವರೇ,

ನಿಮ್ಮ ಕಾಗದವನ್ನು ಇನ್ನಾಸಿಗೆ ಓದಿ ಹೇಳಿದೆ. ಆನೆಯ ಮಾತು ಬಂದಾಗ ಎದ್ದು ನಿಂತ. ಕಾಗದವನ್ನು ಕಿತ್ತುಕೊಂಡು ಅಂಗಿಯೊಳಗೆ ಇಟ್ಟುಕೊಂಡಿದ್ದಾನೆ, ಸ್ನಾನಕ್ಕೂ ಕೊಡುವುದಿಲ್ಲ. ಚೆನ್ನಾಗಿದ್ದಾನೆ. ನೀವು ಚಿಂತಿಸಬೇಡಿ.

ಒಂದು ವಿಷಯ ಕೇಳಬೇಕಿತ್ತು. ಮೊನ್ನೆ ಶನಿವಾರ ಅಕ್ಕಿಯ ಗಾಡಿ ಬಂತು. ಯಾರೂ ಹೇಳದೆಯೇ ಇನ್ನಾಸಿ ಒಂದು ಮೂಟೆಯನ್ನು ಹೆಗಲಿಗೇರಿಸಿಕೊಂಡು ಅಡುಗೆಮನೆಯವರೆಗೆ ತಂದ. ನಮಗೆಲ್ಲ ಸಂತೋಷವಾಯಿತು. ಆದರೆ ಅವನು ಅದನ್ನು ಇಳಿಸಲಿಲ್ಲ. ಬಾಗಿಲಲ್ಲೇ ನಿಂತ. ಇಳಿಸು ಎಂದರೆ ನಮ್ಮ ಮುಖ ನೋಡುತ್ತಾನೆ. ಮುಕ್ಕಾಲು ಗಂಟೆ ನಿಂತಿದ್ದ. ನಮ್ಮ ಅಡುಗೆಯ ಮಹೇಶ್ "ಇವ ಎಂತ ಸಿಸ್ಟರ್, ಮನುಷ್ಯನಾ ಕಂಬವಾ?" ಎಂದು ಹಿಂದಿನಿಂದ ಎಳೆದದ್ದಕ್ಕೆ ಮೂಟೆ ಹರಿದು ಅಕ್ಕಿಯೆಲ್ಲ ಅಂಗಳಕ್ಕೆ ಬಿತ್ತು. ಇನ್ನಾಸಿ ಹರಿದ ಗೋಣಿಯನ್ನು ಆಮೇಲೂ ಹಿಡಿದೇ ಇದ್ದ.

ಮನೆಯಲ್ಲಿ ಅವನು ಹೇಗೆ ಇಳಿಸುತ್ತಿದ್ದ? ತಿಳಿಸಿದರೆ ಉಪಕಾರ.

ನೀವು ಇಷ್ಟು ವರ್ಷ ಹೊತ್ತದ್ದು ಸಾಕು. ಇನ್ನು ದೇವರ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದಿರಿ.

ಪ್ರಭುವಿನಲ್ಲಿ,
ಸಿ. ಸೆವ್ರಿನ್


ಗಾಳಿಬೀಡು
9 ಸೆಪ್ಟೆಂಬರ್ 2023

ಪೂಜ್ಯ ಸಿಸ್ಟರ್,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಪಕ್ಕದ ಲೈನ್‌ಮನೆಯ ಮುದ್ದಿಗೂ ಓದಿ ಹೇಳಿದೆ. ಅವಳು ನಮ್ಮ ತೋಟದಲ್ಲಿ ಕಾಫಿ ಕುಯ್ಯುವವಳು, ಇನ್ನಾಸಿಗೆ ಅಕ್ಕನಂತೆ. "ಚೀಲ ಹೊತ್ನಂತಾ? ಹಂಗಾರೆ ಗಟ್ಟಿ ಅವ್ನೆ ಬುಡಿ" ಎಂದಳು.

ನಮ್ಮಲ್ಲಿ ಪಿಕಿಂಗ್ ಕಾಲದಲ್ಲಿ ಸಂಜೆ ಹೊತ್ತಿಗೆ ಹೆಂಗಸರು ಕುಯ್ದ ಹಣ್ಣನ್ನು ಚೀಲಕ್ಕೆ ತುಂಬಿ ತೂಕದ ಜಾಗಕ್ಕೆ ತರಬೇಕು, ಕೂಲಿ ತೂಕದ ಮೇಲೆ. ಕಡಿದಾದ ತೋಟ, ಏರಿ ಬರಬೇಕು. ಇನ್ನಾಸಿ ಯಾರ ಚೀಲವನ್ನೂ ಬಿಡುವವನಲ್ಲ. ಒಂದನ್ನು ಜೀಪಿಗೆ ಮುಟ್ಟಿಸಿ ಮತ್ತೆ ಇಳಿಯುತ್ತಾನೆ. ಒಮ್ಮೆ ಬೊಳ್ಳಪ್ಪನವರು ತಮಾಷೆಗೆ ತೂಕದ ತಕ್ಕಡಿಯ ಮೇಲೆ ಇವನನ್ನೂ ಚೀಲವನ್ನೂ ಒಟ್ಟಿಗೆ ನಿಲ್ಲಿಸಿ, "ಚೌರಪ್ಪ, ನಿನ್ನ ತಮ್ಮನ್ನ ಯಾರ ಹೆಸ್ರಿಗೆ ಬರೀಲಿ?" ಎಂದರು. ಮುದ್ದಿ ಎದ್ದು "ನನ್ನೆಸ್ರಿಗೇ ಬರ್ಕಳಿ ಸ್ವಾಮಿ" ಎಂದಳು. ಆ ದಿನ ಎಲ್ಲರೂ ನಕ್ಕದ್ದು ಮಡಿಕೇರಿಗೆ ಕೇಳಿಸಿರಬೇಕು.

ನೀವು ಕೇಳಿದ್ದಕ್ಕೆ ಹೇಳುವುದಾದರೆ, ಅವನ ಕಣ್ಣಿಗೆ ಮೂಟೆ ಬೀಳದಂತೆ ನೋಡಿಕೊಳ್ಳಿ. ಬೆಲ್ಲದ ಕಾಫಿ ಕೊಟ್ಟು ನೋಡಿ. ಹೆಗಲು ನೋಯತೊಡಗಿದರೆ ತಾನೇ ಇಳಿಸಿಯಾನು. ನಾನಿದ್ದರೆ ಇಳಿಸುತ್ತಾನೆ. ನಾನಿಲ್ಲದಿದ್ದರೆ ಸ್ವಲ್ಪ ಕಷ್ಟ.

ಅವನು ನನ್ನನ್ನು ಕೇಳುತ್ತಾನೆಯೇ? ನೀವು ಅದನ್ನು ಬರೆದೇ ಇಲ್ಲ.

ಚೌರಪ್ಪ


ನಜರೇತ್ ಮನೆ
30 ಸೆಪ್ಟೆಂಬರ್ 2023

ಚೌರಪ್ಪನವರೇ,

ಮೂಟೆಗಳನ್ನು ಬೀಗ ಹಾಕಿ ಇಟ್ಟೆವು. ಅವನು ನೀರಿನ ಕ್ಯಾನ್ ಎತ್ತಿಕೊಂಡ. ಅದನ್ನೂ ಮುಚ್ಚಿಟ್ಟೆವು. ಮಂಗಳವಾರ ಪ್ರಾರ್ಥನೆಯ ಕೋಣೆಯ ಬೆಂಚನ್ನೇ ಹೊತ್ತು ಅಂಗಳದಲ್ಲಿ ಎರಡು ಗಂಟೆ ನಿಂತ. ಬೆಲ್ಲದ ಕಾಫಿಯನ್ನು ಬೆಂಚು ಹೊತ್ತುಕೊಂಡೇ ಕುಡಿದ. ಮೂರು ಜನ ಸೇರಿ ಬಿಡಿಸಬೇಕಾಯಿತು. ಹೆಗಲಿನ ಚರ್ಮ ಸುಲಿದಿದೆ, ಔಷಧಿ ಹಚ್ಚಿದ್ದೇವೆ.

ನಾನು ಇಲ್ಲಿ ಮೂವತ್ತೊಂದು ವರ್ಷದಿಂದ ಇದ್ದೇನೆ. ತಂದು ಬಿಡುವಾಗ ಅಳುವವರನ್ನು ಕಂಡಿದ್ದೇನೆ. ಆಮೇಲೆ ಅವರ ಕಾಗದಗಳು ಚಿಕ್ಕದಾಗುತ್ತಾ ಹೋಗುವುದನ್ನೂ ಕಂಡಿದ್ದೇನೆ. ನಿಮ್ಮ ಕಾಗದ ಉದ್ದವಾಗಿದೆ, ಓದುವುದಕ್ಕೆ ಚೆಂದವೂ ಇದೆ. ಆದರೆ ಕೇಳಿದ ಒಂದೇ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ನೀವಿದ್ದರೆ ಇಳಿಸುತ್ತಾನೆ ಎಂದರೆ ನೀವು ಏನನ್ನೋ ಮಾಡುತ್ತೀರಿ ಅಥವಾ ಹೇಳುತ್ತೀರಿ. ಅದೇನು? ಬರೆಯಲು ಪುರಸೊತ್ತಿಲ್ಲದಿದ್ದರೆ ಒಂದು ಕಾರ್ಡಿನಲ್ಲಿ ತಿಳಿಸಿ.

ಸಿ. ಸೆವ್ರಿನ್


ಗಾಳಿಬೀಡು
12 ಅಕ್ಟೋಬರ್ 2023

ಸಿಸ್ಟರ್ ಅವರಿಗೆ,

ಪುರಸೊತ್ತಿನ ಮಾತನ್ನು ನೀವು ಎತ್ತಿ ಆಡಿದಿರಿ. ಆಡಿ. ಬರೆದವನು ನಾನೇ.

ನಮ್ಮ ಅವ್ವ ಹತ್ತೊಂಬತ್ತು ವರ್ಷದ ಹಿಂದೆ ಮಡಿಕೇರಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಸಾಯುವ ದಿನ ಇನ್ನಾಸಿಯ ಕೈ ತೆಗೆದು ನನ್ನ ಕೈಯಲ್ಲಿಟ್ಟು "ಇವ್ನ ಕೈ ಬುಡ್ಬ್ಯಾಡ ಕಣ್ ಮಗ" ಎಂದಳು. ಕೊರಳ ಶಿಲುಬೆ ಮುಟ್ಟಿ ಆಣೆ ಮಾಡಿದೆ. ಎರಡು ಕಡೆಯಿಂದ ಹೆಣ್ಣು ಬಂದಿತ್ತು. ತಮ್ಮನನ್ನು ಏನು ಮಾಡುತ್ತೀರಿ ಎಂದು ಕೇಳಿದರು. ನಾನು ಎದ್ದು ಬಂದೆ. ಈಗ ಹೇಳಿ, ಕಾಗದ ಚಿಕ್ಕದು ಮಾಡುವವನೋ ನಾನು?

ನಿಮ್ಮಿಂದ ಆಗದಿದ್ದರೆ ಹೇಳಿ. ಬಂದು ಕರೆದುಕೊಂಡು ಹೋಗುತ್ತೇನೆ.

ಚೌರಪ್ಪ


ನಜರೇತ್ ಮನೆ
6 ನವೆಂಬರ್ 2023

ಚೌರಪ್ಪನವರೇ,

ನಿಮ್ಮ ಕಾಗದಕ್ಕೆ ಸಿಟ್ಟಿನಲ್ಲಿ ಬರೆದ ಉತ್ತರವನ್ನು ಹರಿದು ಹಾಕಿ ಸುಮ್ಮನಿದ್ದೆ. ಈಗ ಸುಮ್ಮನಿರುವಂತಿಲ್ಲ.

ನವೆಂಬರ್ ಒಂದರಂದು ಇನ್ನಾಸಿ ಸೌದೆಯ ಹೊರೆ ಹೊತ್ತು ಹಿತ್ತಿಲ ಮೆಟ್ಟಿಲ ಮೇಲೆ ನಿಂತಿದ್ದ. ನಾವೆಲ್ಲ ಪೂಜೆಯಲ್ಲಿದ್ದೆವು, ಯಾರೂ ನೋಡಿರಲಿಲ್ಲ. ಕಾಲು ಸೋತು ಹೊರೆಯ ಸಮೇತ ಉರುಳಿದ. ಭುಜದ ಮೂಳೆ ಬಿರುಕು ಬಿಟ್ಟಿದೆ. ಪಟ್ಟಿ ಕಟ್ಟಿದ್ದಾರೆ, ಆರು ವಾರದಲ್ಲಿ ಕೂಡುತ್ತದೆ ಎಂದಿದ್ದಾರೆ. ಜೀವಕ್ಕೆ ಅಪಾಯವಿಲ್ಲ.

ಐದು ದಿನ ತಡವಾಗಿ ಬರೆಯುತ್ತಿದ್ದೇನೆ. ಹೆದರಿಕೆಯಾಗಿತ್ತು. ಇದೊಂದೇ ಅಲ್ಲ. ಚೆನ್ನಾಗಿದ್ದಾನೆ ಎಂದು ಮೊದಲ ಕಾಗದದಲ್ಲಿ ಬರೆದೆನಲ್ಲ, ಅದು ನಿಜವಲ್ಲ. ಬಂದ ದಿನದಿಂದ ಅವನು ನಾಲ್ಕು ಗಂಟೆಗೆ ಗೇಟಿಗೆ ಹೋಗುತ್ತಾನೆ, ಕತ್ತಲಾಗುವವರೆಗೆ ರಸ್ತೆ ನೋಡುತ್ತಾನೆ. ಯಾವ ಜೀಪು ಬಂದರೂ ಕೈ ಎತ್ತುತ್ತಾನೆ. ನಿಮ್ಮನ್ನು ಕೇಳುತ್ತಾನೆಯೇ ಎಂದಿರಿ. ಬೇರೆ ಏನನ್ನೂ ಕೇಳುವುದಿಲ್ಲ. ಇದನ್ನು ಬರೆದರೆ ನೀವು ಮಾರನೆಯ ದಿನವೇ ಬಂದು ಕರೆದುಕೊಂಡು ಹೋಗುತ್ತೀರಿ, ಅವನಿಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ ಎಂದು ಮುಚ್ಚಿಟ್ಟೆ.

ಮುಚ್ಚಿಟ್ಟದ್ದನ್ನು ನಾನು ಹೇಳಿದ್ದೇನೆ. ಕರೆದುಕೊಂಡು ಹೋಗುವುದಾದರೆ ಬನ್ನಿ, ತಡೆಯುವುದಿಲ್ಲ. ಅದಕ್ಕೆ ಮೊದಲು ನೀವೂ ಹೇಳಿ. ಆ ಹೊರೆ ಇಳಿಸುವುದು ಹೇಗೆ?

ಸೆವ್ರಿನ್


ಗಾಳಿಬೀಡು
11 ನವೆಂಬರ್ 2023

ಸಿಸ್ಟರ್,

ಕಾಗದ ಓದಿ ಕೈಚೀಲಕ್ಕೆ ಬಟ್ಟೆ ತುಂಬಿದೆ. ಬೊಳ್ಳಪ್ಪನವರು ಬಾಗಿಲಿಗೆ ಅಡ್ಡ ನಿಂತು "ಘಾಟಿ ಇಳಿಯೋಕೆ ಹೋಗಿ ದಾರೀಲೇ ಸತ್ರೆ ನಿನ್ನ ತಮ್ಮನಿಗೆ ಎಂಥ ಹೇಳೋದು?" ಎಂದರು. ಕೂತೆ. ಕೂತು ಇದನ್ನು ಬರೆಯುತ್ತಿದ್ದೇನೆ.

ಜೀಪಿನ ಕೆಲಸ ಹೆಚ್ಚಾಗಿದೆ ಎಂದದ್ದು ಸುಳ್ಳು. ಮೇ ತಿಂಗಳಿಂದ ನಾನು ಜೀಪು ಮುಟ್ಟಿಲ್ಲ. ಆ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೂ ಮೇಲಿನ ತೋಟಕ್ಕೆ ಗೊಬ್ಬರ ಹಾಕಿಕೊಂಡು ಹೋಗಿದ್ದೆವು. ಇನ್ನಾಸಿ ಒಂದು ಚೀಲ ಹೆಗಲಿಗೆ ಹಾಕಿಕೊಂಡ. ನಾನು ಜೀಪಿನಿಂದ ಇಳಿದೆ, ಕಣ್ಣು ಕತ್ತಲಾಯಿತು. ಬಿದ್ದು ತಲೆ ಕಲ್ಲಿಗೆ ಬಡಿಯಿತಂತೆ. ಒಂದೂವರೆ ಗಂಟೆಯ ಮೇಲೆ ಬೊಳ್ಳಪ್ಪನವರು ಆ ದಾರಿಯಲ್ಲಿ ಬಂದರು. ಮುಖಕ್ಕೆ ನೀರು ಹೊಡೆದಾಗ ಎಚ್ಚರವಾಯಿತು. ಮೊದಲು ಕಂಡದ್ದು ಇನ್ನಾಸಿಯ ಕಾಲು. ಗಡಗಡ ನಡುಗುತ್ತಿತ್ತು. ಅಷ್ಟೂ ಹೊತ್ತು ಬಿಸಿಲಲ್ಲಿ ಐವತ್ತು ಕಿಲೋ ಚೀಲ ಹೊತ್ತು ನನ್ನ ಪಕ್ಕದಲ್ಲೇ ನಿಂತಿದ್ದ. ಬೊಳ್ಳಪ್ಪನವರು ಎಳೆದರೂ ಬಿಡಲಿಲ್ಲ. "ಅಣ್ಣ ಯೋಳ್ಬೇಕು" ಎಂದನಂತೆ. ನಾನು ಬೊಳ್ಳಪ್ಪನವರ ಹೆಗಲು ಹಿಡಿದು ಎದ್ದು ಅವನ ಹತ್ತಿರ ಹೋಗಿ ಹೇಳಿದ ಮೇಲೆಯೇ ಇಳಿಸಿದ್ದು.

ನನ್ನ ಎದೆಬಡಿತ ಆಗಾಗ ತಪ್ಪುತ್ತದೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ. ಯಂತ್ರ ಕೂರಿಸಬೇಕಂತೆ. ಮುಂದಿನ ಸಲ ನಾನು ಏಳದಿದ್ದರೆ ಅವನು ಎಷ್ಟು ಹೊತ್ತು ಹಾಗೇ ನಿಲ್ಲುತ್ತಾನೆ? ಅದಕ್ಕೇ ನಿಮ್ಮಲ್ಲಿಗೆ ತಂದೆ.

ಇನ್ನು ಮಾತಿನ ಕಥೆ. ಇನ್ನಾಸಿಗೆ ಎಂಟು ವರ್ಷವಿದ್ದಾಗ ಒಂದು ಸಲ ರುಬ್ಬುವ ಗುಂಡುಕಲ್ಲನ್ನು ಎತ್ತಿಕೊಂಡು ಬಂದು ಅವ್ವನ ಕಾಲ ಮೇಲೆಯೇ ಹಾಕಿಬಿಟ್ಟ. ಬೆರಳು ಜಜ್ಜಿ ರಕ್ತ ಹರಿಯಿತು. ರಕ್ತ ನೋಡಿದವನು ಆವತ್ತಿನಿಂದ ಏನು ಬೇಕಾದರೂ ಹೊರುತ್ತಾನೆ, ಇಳಿಸಲು ಮಾತ್ರ ಹೆದರುತ್ತಾನೆ. ಅವ್ವ ಅವನ ಪಕ್ಕ ಹೋಗಿ ನಿಂತು ಹೇಳುತ್ತಿದ್ದಳು: "ಯೇಸ್ವಾಮಿ ಹಿಡ್ಕಂಡವ್ನೆ, ನೀನ್ ಬುಡು ಮಗ." ಇಷ್ಟೇ. ಅವಳು ಹೋದ ಮೇಲೆ ನಾನು ಹೇಳುತ್ತಾ ಬಂದೆ. ಬೇರೆ ಯಾರಿಗೂ ಕಲಿಸಲಿಲ್ಲ.

ಈ ಮಾತನ್ನು ನಿಮಗೆ ಕೊಡುವುದಕ್ಕೇ ಅವನನ್ನು ನಿಮ್ಮಲ್ಲಿಗೆ ಕರೆತಂದವನು ನಾನು. ಕರೆತಂದ ಮೇಲೆ ಇದೊಂದನ್ನೇ ಕೊಡಲಾಗಲಿಲ್ಲ. ಕೊಟ್ಟರೆ ಅವನಿಗೆ ನನ್ನಿಂದ ಬೇಕಾದದ್ದು ಏನು ಉಳಿಯುತ್ತದೆ, ಸಿಸ್ಟರ್? ಅವನ ಭುಜ ಮುರಿದದ್ದು ಸೌದೆಯ ಹೊರೆಯಲ್ಲ. ನಾನು.

ಚೌರಪ್ಪ


ನಜರೇತ್ ಮನೆ
27 ನವೆಂಬರ್ 2023

ಪ್ರಿಯ ಚೌರಪ್ಪನವರೇ,

ಮೊದಲು ನನ್ನನ್ನು ಕ್ಷಮಿಸಿ. ತಮ್ಮನನ್ನು ಕೊಡವಿಕೊಂಡು ಹೋದವರು ಎಂದು ನಿಮ್ಮನ್ನು ತಿಳಿದಿದ್ದೆ. ನಿಮ್ಮ ಹೆಸರನ್ನು ಈಗ ನಮ್ಮ ಬೆಳಗಿನ ಪ್ರಾರ್ಥನೆಯಲ್ಲಿ ಸೇರಿಸಿದ್ದೇವೆ. ಮೈಸೂರಿಗೆ ಬೇಗ ಹೋಗಿ, ಮುಂದೂಡಬೇಡಿ.

ಆದರೆ ಒಂದು ತೊಂದರೆ. ಆ ಮಾತು ನಡೆಯಲಿಲ್ಲ.

ಬಲಗೈ ಪಟ್ಟಿಯಲ್ಲಿದ್ದರೂ ಇನ್ನಾಸಿ ಸುಮ್ಮನಿರುವವನಲ್ಲ. ನಿನ್ನೆ ಎಡಗೈಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎತ್ತಿ ತಲೆಯ ಮೇಲಿಟ್ಟುಕೊಂಡು ನಿಂತ. ನಾನು ಎದುರಿಗೆ ಹೋಗಿ ನೀವು ಬರೆದ ಹಾಗೆಯೇ ಹೇಳಿದೆ. ನನ್ನ ಮಂಗಳೂರಿನ ನಾಲಿಗೆಗೆ "ಬುಡು" ಬರುವುದಿಲ್ಲ, ಆದರೂ ಅಭ್ಯಾಸ ಮಾಡಿಕೊಂಡು ಹೇಳಿದೆ. ಅವನು ನಕ್ಕ. ಇಲ್ಲಿಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲು. "ಅವ್ವ" ಎಂದ. ಸುತ್ತ ನೋಡಿದ, ಬಾಗಿಲ ಹಿಂದೆ ನೋಡಿದ. ಮುಖ ಬಾಡಿತು. ಕುರ್ಚಿ ಹಾಗೆಯೇ ಉಳಿಯಿತು. ಹತ್ತು ಸಲ ಹೇಳಿದೆ.

ನಾನು ಹೇಳಿದ್ದರಲ್ಲಿ ಏನು ತಪ್ಪು? ಇನ್ನೂ ಏನಾದರೂ ಉಳಿಸಿಕೊಂಡಿದ್ದೀರಾ ಎಂದು ಕೇಳಲು ಈಗ ಬಾಯಿ ಬರುವುದಿಲ್ಲ. ಆದರೂ ಕೇಳುತ್ತಿದ್ದೇನೆ.

ಸೆವ್ರಿನ್


ಗಾಳಿಬೀಡು
8 ಡಿಸೆಂಬರ್ 2023

ಸಿಸ್ಟರ್,

ಇಲ್ಲ ಸಿಸ್ಟರ್, ದೇವರಾಣೆಗೂ ಏನನ್ನೂ ಉಳಿಸಿಕೊಂಡಿರಲಿಲ್ಲ. ಒಂದು ವಾರ ತಲೆ ಕೆಡಿಸಿಕೊಂಡೆ. ಪೂಜೆಯಲ್ಲಿ ಕೂತರೂ ಅದೇ, ಸೊಪ್ಪು ಬಿಡಿಸಲು ಕೂತರೂ ಅದೇ.

ಇಲ್ಲಿ ಪಿಕಿಂಗ್ ಶುರುವಾಗಿದೆ. ಮೊನ್ನೆ ಸಂಜೆ ತೂಕದ ಜಾಗದಲ್ಲಿ ಕೂತಿದ್ದೆ. ಮುದ್ದಿ ಹಣ್ಣಿನ ಚೀಲ ಹೊತ್ತು ಏರಿ ಬಂದಳು. ನಿಲ್ಲು ಮುದ್ದಿ, ಸ್ವಲ್ಪ ಹೊತ್ತು ಇನ್ನಾಸಿಯ ಹಾಗೆ ನಿಲ್ಲು, ಇಳಿಸಬೇಡ ಎಂದೆ. "ಯಾಕ್ ಚೌರಣ್ಣ, ನನ್ ಸೊಂಟ ಮುರೀಬೇಕಾ?" ಎಂದು ಬೈದುಕೊಂಡೇ ನಿಂತಳು. ನಾನು ದೂರದಿಂದ ಮಾತು ಹೇಳಿದೆ. "ಆಯ್ತಾ? ನೀ ಯೋಳ್ದೆ ಅಂತ ಭಾರ ಕಮ್ಮಿ ಆಯ್ತದಾ? ನೀ ಏನ್ ಮಂತ್ರವಾದಿನಾ? ಬಂದು ಒಂದ್ ಕೈ ಹಾಕು, ಸಾಯ್ತೀನಿ!" ಎಂದು ಕೂಗಿದಳು.

ಎದ್ದು ಹೋಗಿ ಹತ್ತಿರ ನಿಂತು ಮತ್ತೆ ಹೇಳಿದೆ. ಹೇಳುತ್ತಿದ್ದ ಹಾಗೆ ನನ್ನ ಎಡಗೈ ತಾನಾಗಿ ಚೀಲದ ಅಡಿಗೆ ಹೋಯಿತು ಸಿಸ್ಟರ್! ನಾನೇ ನೋಡುತ್ತಾ ನಿಂತೆ. ಅವ್ವನೂ ಹಾಗೇ ಮಾಡುತ್ತಿದ್ದಳು. ಬಾಯಿ ಹೇಳಿದ್ದು ಮಾತ್ರ ನೆನಪಿತ್ತು, ಕೈ ಮಾಡಿದ್ದು ನೆನಪಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ?

ಹೀಗೆ ಮಾಡಿ. ಅವನ ಎದುರಿಗಲ್ಲ, ಪಕ್ಕದಲ್ಲಿ ನಿಲ್ಲಿ. ಕೈಯನ್ನು ಹೊರೆಯ ಅಡಿಗೆ ಕೊಡಿ. ತೋರಿಕೆಗೆ ಮುಟ್ಟಿದರೆ ಅವನಿಗೆ ತಿಳಿಯುತ್ತದೆ. ನಿಜವಾಗಿ ಸ್ವಲ್ಪ ಎತ್ತಬೇಕು. ಭಾರ ಹಗುರಾದದ್ದು ಅವನ ಹೆಗಲಿಗೆ ಗೊತ್ತಾಗಬೇಕು. ಆಮೇಲೆ ಮಾತು.

ಮುದ್ದಿ ನಿನ್ನೆ ದಿನವಿಡೀ ನನ್ನ ಜೊತೆ ಮಾತು ಬಿಟ್ಟಿದ್ದಳು.

ಚೌರಪ್ಪ


ನಜರೇತ್ ಮನೆ
26 ಡಿಸೆಂಬರ್ 2023

ಪ್ರಿಯ ಚೌರಪ್ಪನವರೇ, ಕ್ರಿಸ್ತಜಯಂತಿಯ ಶುಭಾಶಯಗಳು.

ಇಪ್ಪತ್ತಮೂರರಂದು ಗೋದಲಿಗೆ ಹುಲ್ಲು ತರಿಸಿದೆವು. ಇನ್ನಾಸಿಯ ಪಟ್ಟಿ ಬಿಚ್ಚಿಯಾಗಿದೆ, ಹಗುರವಾದದ್ದನ್ನು ಎತ್ತಬಹುದು ಎಂದಿದ್ದಾರೆ. ಅವನು ಹುಲ್ಲಿನ ಹೊರೆ ಹೊತ್ತು ತಂದು ಗೋದಲಿಯ ಮುಂದೆ ನಿಂತ. ನಾನು ಪಕ್ಕಕ್ಕೆ ಹೋದೆ. ಅಡಿಗೆ ಕೈ ಕೊಟ್ಟು ಎತ್ತಿದೆ. ಹುಲ್ಲಾದರೂ ಭಾರವಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಮಾತು ಹೇಳಿದೆ. ಅವನು ನನ್ನ ಕೈಯನ್ನು ನೋಡಿದ, ತುಂಬಾ ಹೊತ್ತು ನೋಡಿದ. ಆಮೇಲೆ ಬಿಟ್ಟ. ಹೊರೆ ಪೂರ್ತಿ ನನ್ನ ಮೇಲೆಯೇ ಬಂತು, ಮಹೇಶ್ ಓಡಿ ಬಂದು ಹಿಡಿಯದಿದ್ದರೆ ನಾನು ಬಾಲಯೇಸುವಿನ ಪಕ್ಕದಲ್ಲೇ ಮಲಗುತ್ತಿದ್ದೆ. ಈಗ ಮಹೇಶನೂ ಕಲಿತಿದ್ದಾನೆ. ಅಕ್ಕಿಯ ಕೋಣೆಯ ಬೀಗ ತೆಗೆದಿದ್ದೇವೆ.

ಆ ದಿನದಿಂದ ನನಗೆ ನಿದ್ದೆ ಸರಿಯಾಗಿಲ್ಲ. ಕಷ್ಟ ಹೇಳಿಕೊಂಡು ಬಂದವರಿಗೆಲ್ಲ ದೇವರ ಮೇಲೆ ಭಾರ ಹಾಕಿ ಎಂದಿದ್ದೇನೆ. ನಿಮಗೂ ಮೊದಲ ಕಾಗದದಲ್ಲೇ ಬರೆದಿದ್ದೆ. ಎರಡೂ ಕೈಗಳನ್ನು ನಿಲುವಂಗಿಯ ತೋಳಿನೊಳಗೆ ಇಟ್ಟುಕೊಂಡೇ ಇಷ್ಟು ವರ್ಷ ಹೇಳಿದ್ದೇನೆ ಎಂದು ಈಗ ತೋರುತ್ತದೆ.

ಇನ್ನು ಮುಚ್ಚಿಡುವುದಿಲ್ಲ ಎಂದು ನಿಶ್ಚಯಿಸಿದ್ದರಿಂದ ಇದನ್ನೂ ಹೇಳುತ್ತೇನೆ. ಹೊರೆ ಇಳಿಸಿದ ಮೇಲೆ ಇನ್ನಾಸಿ ನನ್ನ ಮುಖ ನೋಡಲಿಲ್ಲ. ಗೇಟಿನ ಕಡೆ ನೋಡಿದ. ಈಗಲೂ ನಾಲ್ಕು ಗಂಟೆಗೆ ಅಲ್ಲಿಗೆ ಹೋಗುತ್ತಾನೆ. ಅದು ನಿಲ್ಲುತ್ತದೆಂದು ನಾನು ಮಾತು ಕೊಡಲಾರೆ.

ಒಪ್ಪಿಗೆಪತ್ರ ಇದರೊಳಗಿದೆ. ಫೆಬ್ರವರಿ ಹನ್ನೊಂದರೊಳಗೆ ಕಳುಹಿಸಿ. ಇಲ್ಲವೇ ಕರೆದುಕೊಂಡು ಹೋಗಲು ಬನ್ನಿ. ನೀವು ಯಾವುದನ್ನು ಮಾಡಿದರೂ ನಿಮ್ಮ ಬಗ್ಗೆ ನನ್ನ ಗೌರವ ಕಡಿಮೆಯಾಗುವುದಿಲ್ಲ.

ಸೆವ್ರಿನ್


ಗಾಳಿಬೀಡು
3 ಫೆಬ್ರವರಿ 2024

ಸಿಸ್ಟರ್,

ಒಂದು ತಿಂಗಳ ಮೇಲಾಯಿತು ಉತ್ತರ ಬರೆಯದೆ. ನನ್ನ ಕಾಗದವೂ ಚಿಕ್ಕದಾಯಿತು ಎಂದುಕೊಂಡಿರೋ ಏನೋ.

ಅವನು ನಿಮ್ಮ ಕೈಗೆ ಹೊರೆ ಬಿಟ್ಟ ಎಂದು ಓದಿದಾಗ ಮೊದಲು ಮೊಣಕಾಲೂರಿ ಸ್ತೋತ್ರ ಹೇಳಿದೆ. ಏಳುವಷ್ಟರಲ್ಲಿ ಹೊಟ್ಟೆ ಉರಿಯತೊಡಗಿತು. ನಲವತ್ತಾರು ವರ್ಷದ ತಮ್ಮ, ನಾಲ್ಕು ತಿಂಗಳ ಸಿಸ್ಟರ್! ಗೇಟಿನ ಕಡೆ ನೋಡಿದ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ. ಅದೊಂದೇ ಸಾಲು ನನ್ನದಾಗಿತ್ತು. ಬಂದೇ ಬಿಡುತ್ತೇನೆ, ಕರೆದುಕೊಂಡು ಬಂದೇ ಬಿಡುತ್ತೇನೆ ಎಂದು ಅವನ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ. ಮುದ್ದಿ ನೋಡಿ "ಯಾರಿಗೆ ಚೌರಣ್ಣ ಹಾಸ್ಗೆ? ಅವ್ನಿಗಾ, ನಿಂಗಾ?" ಎಂದಳು.

ಜನವರಿ ಹದಿನೆಂಟಕ್ಕೆ ಮೈಸೂರಿನಲ್ಲಿ ಎದೆಗೆ ಯಂತ್ರ ಕೂರಿಸಿದರು, ಬೆಂಕಿಪೆಟ್ಟಿಗೆಯಷ್ಟು ದೊಡ್ಡದು. ಎಚ್ಚರವಾದಾಗ ಗೋಡೆಯ ಗಡಿಯಾರ ನೋಡಿದೆ. ಒಂದೂವರೆ ಗಂಟೆ ನಾನು ಈ ಲೋಕದಲ್ಲಿ ಇರಲಿಲ್ಲ. ಮೇ ತಿಂಗಳಲ್ಲೂ ಅಷ್ಟೇ ಹೊತ್ತು. ಆವತ್ತು ಎಚ್ಚರವಾದಾಗ ಕಣ್ಣಿಗೆ ಬಿದ್ದದ್ದು ಅವನ ನಡುಗುವ ಕಾಲು. ಈ ಸಲ ಏನೂ ಕಾಣಲಿಲ್ಲ, ಬಿಳಿ ಗೋಡೆ. ಇನ್ನಾಸಿ ಎಲ್ಲಿ ಎಂದು ಹುಡುಕಿದೆ. ಆಮೇಲೆ ಹೊಳೆಯಿತು, ಹನ್ನೊಂದೂವರೆ. ನಿಮ್ಮಲ್ಲಿ ಗಂಜಿಯ ಹೊತ್ತು. ಯಾರೋ ಅವನ ಮುಂದೆ ತಟ್ಟೆ ಇಟ್ಟಿರುತ್ತಾರೆ. ನಾನು ಇಲ್ಲದಿದ್ದ ಹೊತ್ತಿನಲ್ಲೂ ಅವನು ಇದ್ದ. ಅವನನ್ನು ಹಿಡಿದುಕೊಂಡ ಯೇಸ್ವಾಮಿಯೂ ಇದ್ದ. ಅಲ್ಲೇ ಮಲಗಿ ಅತ್ತೆ. ಬಂದ ನರ್ಸು "ನೋವಾ ಅಜ್ಜ?" ಎಂದು ಕೇಳಿದಳು. ಹೌದು ಎಂದೆ.

ಯಾರಿಗೂ ಹೇಳದ್ದನ್ನು ನಿಮಗೆ ಹೇಳಿಬಿಡುತ್ತೇನೆ. ಪಾಪನಿವೇದನೆಯಲ್ಲೂ ಫಾದರ್‌ಗೆ ಹೇಳಿಲ್ಲ. ಅವ್ವ ಹೋದ ಮೇಲೆ ಪ್ರತಿ ಭಾನುವಾರ ಪೂಜೆಯಲ್ಲಿ ನಾನು ಕೇಳಿಕೊಳ್ಳುತ್ತಿದ್ದದ್ದು ಒಂದೇ. ಸ್ವಾಮಿ, ಇವನನ್ನು ನನಗಿಂತ ಒಂದು ದಿನ ಮುಂಚೆ ಕರೆದುಕೋ. ಒಂದೇ ದಿನ. ಮಣ್ಣು ಮಾಡಿ ಬಂದು ಮಾರನೆಯ ದಿನ ನಾನು ಬರುತ್ತೇನೆ. ನೋಡಿ, ತಮ್ಮನ ಸಾವನ್ನು ಹತ್ತೊಂಬತ್ತು ವರ್ಷ ಬೇಡಿದವನು ನಾನು. ಪ್ರೀತಿ ಎಂದುಕೊಂಡಿದ್ದೆ. ದೇವರ ಕೈಯಲ್ಲೂ ಅವನನ್ನು ಒಂದು ದಿನ ಬಿಟ್ಟಿರಲು ನನಗೆ ನಂಬಿಕೆ ಇರಲಿಲ್ಲ, ಅಷ್ಟೇ.

ಹೋದ ಭಾನುವಾರ ಮಡಿಕೇರಿ ಚರ್ಚಿಗೆ ಹೋಗಿದ್ದೆ. ಆ ಪ್ರಾರ್ಥನೆಯ ಹೊತ್ತು ಬಂತು. ಬಾಯಿಗೆ ಬರಲಿಲ್ಲ. ಅದನ್ನು ಬಿಟ್ಟರೆ ದೇವರ ಹತ್ತಿರ ಏನು ಮಾತಾಡಬೇಕೆಂದೂ ತಿಳಿಯಲಿಲ್ಲ. ಪೂಜೆ ಮುಗಿದು ಜನ ಹೋದ ಮೇಲೂ ಸುಮ್ಮನೆ ಕೂತಿದ್ದೆ. ಫಾದರ್ ಬಂದು ಹೆಗಲು ಅಲ್ಲಾಡಿಸಿ "ಚೌರಪ್ಪ, ನಿದ್ದೆನಾ?" ಎಂದರು.

ಒಪ್ಪಿಗೆಪತ್ರಕ್ಕೆ ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಅವ್ವನ ಆಣೆಯನ್ನು ಯೋಚಿಸದೆ ಮಾಡಿದ್ದಲ್ಲ. ಕೈ ಬಿಡಬೇಡ ಎಂದಳು, ಯಾರ ಕೈಗೂ ಕೊಡಬೇಡ ಎನ್ನಲಿಲ್ಲ. ಸಂಬಂಧ ಎಂಬ ಕಡೆ ಅಣ್ಣ ಎಂದು ಬರೆದಿದ್ದೇನೆ. ಸಹಿ ಹಾಕಿದ ಮೇಲೂ ಅದು ಹಾಗೇ ಇರುತ್ತದಲ್ಲ?

ಈಸ್ಟರ್ ಆದ ಮೇಲೆ ಬಸ್ಸು ಹತ್ತಬಹುದು ಎಂದಿದ್ದಾರೆ. ಬಂದು ನೋಡಿಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಇದನ್ನು ಅವನಿಗೆ ಓದಿ ಹೇಳಿ, ನಿಧಾನವಾಗಿ, ಎರಡು ಸಲ.

ಇನ್ನಾಸಿ, ಅಣ್ಣ ಬರದು ತಡ ಆಯ್ತದೆ. ನನ್ ತಟ್ಟೆ ತೆಗೆದಿಡ್ಬ್ಯಾಡ. ಬಿಸಿ ಇದ್ದಾಗ್ಲೇ ನೀನ್ ಉಣ್ಣು.